ಥೈಮಾಲ್ ಎಷ್ಟಿದೆ ಎಂದು ಹೇಳದ ಅಜವಾನ ಎಣ್ಣೆ: ದೀರ್ಘ ಬಳಕೆಯ ನಂತರದ ವಿಮರ್ಶೆ

ಸಿಂಧನೂರಿನ ನಮ್ಮ ಮನೆಯಲ್ಲಿ ಅಜವಾನದ ಸಾರಭೂತ ತೈಲವನ್ನು ಕೆಲವು ವರ್ಷಗಳಿಂದ ಬಿಡದೆ ಬಳಸುತ್ತಿದ್ದೇವೆ. 15 ಮಿಲಿಲೀಟರಿನ ಕಂದು ಗಾಜಿನ ಸೀಸೆ, ರಬ್ಬರು ತಲೆಯ ಡ್ರಾಪರು, ಮೇಲೆ ‘ಶೇ. 99.9 ಕ್ರಿಮಿನಾಶ’ ಎಂಬ ದೊಡ್ಡ ಅಕ್ಷರಗಳ ಚೀಟಿ. ತಯಾರಕರ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಇಲ್ಲಿ ಹೇಳುವ ಆಕ್ಷೇಪ ಈ ಬಗೆಯ ಹೆಚ್ಚಿನ ಸೀಸೆಗಳಿಗೂ ಸಲ್ಲುತ್ತದೆ. ನಾನು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನಾದ್ದರಿಂದ ಚೀಟಿಯ ಮೇಲೆ ಇರುವುದಕ್ಕಿಂತ ಅಲ್ಲಿ ಇಲ್ಲದಿರುವುದರ ಕಡೆಗೆ ಗಮನ ಹೆಚ್ಚು ಹೋಗುತ್ತದೆ. ಈ ಚೀಟಿಯಲ್ಲಿ ಇಲ್ಲದಿರುವುದು ಥೈಮಾಲ್‌ನ, ಅಂದರೆ ಎಣ್ಣೆಯ ಕ್ರಿಮಿನಾಶಕ ಗುಣಕ್ಕೆ ಮುಖ್ಯ ಕಾರಣವಾದ ಸಂಯುಕ್ತದ, ಪ್ರಮಾಣ.

ಅಜವಾನ ನಮ್ಮ ಸೀಮೆಗೆ ಹೊಸದಲ್ಲ. ಒಗ್ಗರಣೆಯ ಜೊತೆಗೆ ತಿನ್ನುವ ಮಿರ್ಚಿಯ ಹೊಟ್ಟೆಗೆ ಉಪ್ಪಿನೊಂದಿಗೆ ಸೇರಿಸುವುದು ಇದನ್ನೇ, ಹೊಟ್ಟೆನೋವಿಗೆ ಅಗಿಯುವುದೂ ಇದನ್ನೇ. ಪಕ್ಕದ ಕರ್ನೂಲು ಜಿಲ್ಲೆಯಲ್ಲಿ ಬೆಳೆಯೂ ಇದೆ, ಆದರೆ ದೇಶದ ಮಾರುಕಟ್ಟೆಗೆ ಹೆಚ್ಚಿನ ಮಾಲು ರಾಜಸ್ಥಾನ ಮತ್ತು ಗುಜರಾತಿನದು. ಕಾಳು ಎಂದು ನಾವು ಕರೆಯುವುದು ಸಸ್ಯಶಾಸ್ತ್ರದ ಪ್ರಕಾರ ಒಣಗಿದ ಪುಟ್ಟ ಹಣ್ಣು. ಕೊತ್ತಂಬರಿ, ಜೀರಿಗೆ, ಸೋಂಪುಗಳ ಕುಟುಂಬಕ್ಕೆ ಸೇರಿದ್ದು. ಇದನ್ನು ಜಜ್ಜಿ ಹಬೆಯಲ್ಲಿ ಬಟ್ಟಿ ಇಳಿಸಿದರೆ ತೂಕದ ನೂರಕ್ಕೆ ಎರಡರಿಂದ ನಾಲ್ಕು ಪಾಲು ಎಣ್ಣೆ ಸಿಗುತ್ತದೆ. ಒಂದು ಸಣ್ಣ ಸೀಸೆಯ ಹಿಂದೆ ಸುಮಾರು ಅರ್ಧ ಕಿಲೋ ಅಜವಾನ ಇರಬೇಕೆಂಬ ಲೆಕ್ಕ ಇಟ್ಟುಕೊಂಡರೆ, ತೀರ ಅಗ್ಗದ ಬೆಲೆಗೆ ಸಿಗುವ ಸೀಸೆಯನ್ನು ಏಕೆ ಅನುಮಾನಿಸಬೇಕು ಎಂಬುದು ತಿಳಿಯುತ್ತದೆ.

ಈ ಎಣ್ಣೆಯಲ್ಲಿ ಮುಖ್ಯವಾದವು ಮೂರು ಸಂಯುಕ್ತಗಳು: ಥೈಮಾಲ್, ಪ್ಯಾರಾ-ಸೈಮೀನ್ ಮತ್ತು ಗಾಮಾ-ಟರ್ಪಿನೀನ್. ಉತ್ತಮ ಎಣ್ಣೆಯಲ್ಲಿ ಥೈಮಾಲ್ ಒಂದೇ ಶೇ. 35ರಿಂದ 60ರವರೆಗೆ ಇರುವುದುಂಟು. ತಳಿ, ಮಣ್ಣು, ಕೊಯ್ಲಿನ ಹೊತ್ತು ಮತ್ತು ಬಟ್ಟಿ ಇಳಿಸಿದ ರೀತಿಗೆ ತಕ್ಕಂತೆ ಈ ಅಂಕಿ ಏರಿಳಿಯುತ್ತದೆ. ಬಾಯಿಗೆ ಖಾರ, ಮೂಗಿಗೆ ಘಾಟು, ಸೂಕ್ಷ್ಮಜೀವಿಗಳಿಗೆ ಕೇಡು, ಈ ಮೂರಕ್ಕೂ ಬಹುಮಟ್ಟಿಗೆ ಕಾರಣವಾಗಿರುವುದು ಥೈಮಾಲ್ ಎಂಬ ಫೀನಾಲ್, ಅಂದರೆ ದುರ್ಬಲ ಆಮ್ಲದಂತೆ ವರ್ತಿಸುವ ಒಂದು ಬಗೆಯ ಸಂಯುಕ್ತ. 1719ರಲ್ಲಿ ಕ್ಯಾಸ್ಪರ್ ನ್ಯೂಮನ್ ಇದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ್ದು ಥೈಮ್ ಎಂಬ ಯುರೋಪಿನ ಗಿಡದಿಂದ. ಆದರೆ ಮೊದಲ ಮಹಾಯುದ್ಧದವರೆಗೆ ಜರ್ಮನಿಯ ಕಾರ್ಖಾನೆಗಳು ಥೈಮಾಲ್ ತಯಾರಿಸಲು ಭಾರತದಿಂದ ಅಜವಾನವನ್ನೇ ತರಿಸಿಕೊಳ್ಳುತ್ತಿದ್ದವು.

ಥೈಮಾಲ್ ಅಣುವಿಗೆ ಕೊಬ್ಬಿನ ಮೇಲೆ ಒಲವು ಹೆಚ್ಚು, ನೀರಿನ ಮೇಲೆ ಕಡಿಮೆ. ಒಂದು ಲೀಟರು ನೀರಿನಲ್ಲಿ ಹೆಚ್ಚೆಂದರೆ ಒಂದು ಗ್ರಾಂ ಕರಗೀತು. ಬ್ಯಾಕ್ಟೀರಿಯದ ಕೋಶಪೊರೆ ಕೊಬ್ಬಿನಿಂದಾದದ್ದು, ಆದ್ದರಿಂದ ಅಣು ಅಲ್ಲಿಗೆ ನುಗ್ಗಿ ಪೊರೆಯನ್ನು ಸಡಿಲಿಸುತ್ತದೆ. ಒಳಗಿನ ಪೊಟ್ಯಾಸಿಯಂ ಅಯಾನುಗಳು ಸೋರಿಹೋಗುತ್ತವೆ, ಪೊರೆಯ ಎರಡು ಬದಿಗಳ ನಡುವಿನ ಆಮ್ಲೀಯತೆಯ ವ್ಯತ್ಯಾಸ ಕುಸಿಯುತ್ತದೆ, ಶಕ್ತಿಯ ಉತ್ಪಾದನೆ ನಿಲ್ಲುತ್ತದೆ. ಪ್ಯಾರಾ-ಸೈಮೀನ್ ತಾನಾಗಿ ದುರ್ಬಲವಾದರೂ ಪೊರೆಯನ್ನು ಉಬ್ಬಿಸಿ ಇಂಥ ಫೀನಾಲ್‌ಗಳಿಗೆ ದಾರಿ ಮಾಡಿಕೊಡುತ್ತದೆ. ಚರ್ಮದ ಮೇಲೆ ಸಿಗುವ ಸ್ಟೆಫಿಲೊಕಾಕಸ್ ಆರಿಯಸ್‌ನಂತಹ ಬ್ಯಾಕ್ಟೀರಿಯಗಳು ಮತ್ತು ಹಲವು ಶಿಲೀಂಧ್ರಗಳು ಈ ಎಣ್ಣೆಗೆ ಸುಲಭವಾಗಿ ಬಗ್ಗುತ್ತವೆ. ಸ್ಯೂಡೊಮೊನಾಸ್ ಏರುಗಿನೋಸ ಮಾತ್ರ ತನ್ನ ಬಿಗಿಯಾದ ಹೊರಪೊರೆಯಿಂದಲೂ, ಒಳಬಂದದ್ದನ್ನು ಮತ್ತೆ ಹೊರದಬ್ಬುವ ಪಂಪುಗಳಿಂದಲೂ ಬಹಳಷ್ಟು ತಡೆದುಕೊಳ್ಳುತ್ತದೆ. ಹಾಗಿರುವಾಗ ಯಾವ ಕ್ರಿಮಿ, ಎಷ್ಟು ಸಾಂದ್ರತೆ, ಎಷ್ಟು ಹೊತ್ತಿನ ಸಂಪರ್ಕ ಎಂಬುದನ್ನು ಹೇಳದ ‘ಶೇ. 99.9’ ಒಂದು ಅಲಂಕಾರ ಮಾತ್ರ.

ಪ್ರಯೋಗಶಾಲೆಯ ಫಲಿತಾಂಶ ಓದುವಾಗಲೂ ಎಚ್ಚರ ಬೇಕು. ಬ್ಯಾಕ್ಟೀರಿಯ ಬೆಳೆಸಲು ಬಳಸುವ ಅಗರ್ ಎಂಬ ಲೋಳೆಯ ತಟ್ಟೆಯ ಮೇಲೆ ಎಣ್ಣೆಯಲ್ಲಿ ನೆನೆಸಿದ ಕಾಗದದ ಬಿಲ್ಲೆ ಇಟ್ಟು, ಸುತ್ತ ಬ್ಯಾಕ್ಟೀರಿಯ ಬೆಳೆಯದ ವಲಯವನ್ನು ಮಿಲಿಮೀಟರಿನಲ್ಲಿ ಅಳೆಯುವ ಪದ್ಧತಿಯನ್ನು ಮಾರಾಟಗಾರರು ಬಹಳ ಮೆಚ್ಚುತ್ತಾರೆ. ನೀರಿನಲ್ಲಿ ಕರಗದ, ಗಾಳಿಗೆ ಹಾರಿಹೋಗುವ ಎಣ್ಣೆ ಅಗರ್‌ನಲ್ಲಿ ಹರಡುವ ಬಗೆಯೇ ಬೇರೆ. ಆ ವಲಯದ ಅಗಲವನ್ನು ಪ್ರತಿಜೈವಿಕದ ವಲಯದ ಪಕ್ಕದಲ್ಲಿಟ್ಟು ಹೋಲಿಸುವುದು ನ್ಯಾಯವಲ್ಲ. ಬೆಳವಣಿಗೆಯನ್ನು ತಡೆಯಲು ಬೇಕಾದ ಕನಿಷ್ಠ ಸಾಂದ್ರತೆಯನ್ನು ಕೊಟ್ಟಿದ್ದರೆ ಅದು ಉಪಯೋಗಕ್ಕೆ ಬರುವ ಮಾಹಿತಿ.

ಇನ್ನು ಬಳಕೆಯ ಮಾತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಊರು ನಮ್ಮದು. ನಾಟಿಯ ದಿನಗಳಲ್ಲಿ ಗದ್ದೆಗೆ ಇಳಿದವರ ಕಾಲ್ಬೆರಳ ಸಂದಿಗಳು ಬೆಳ್ಳಗೆ ನೆನೆದು, ಒಡೆದು, ತುರಿಸುತ್ತವೆ. 10 ಮಿಲಿಲೀಟರು ಕೊಬ್ಬರಿ ಎಣ್ಣೆಗೆ ಎರಡು ಹನಿ, ಅಂದರೆ ಸುಮಾರು ಶೇ. 1ರ ಪ್ರಮಾಣದಲ್ಲಿ ಬೆರೆಸಿ, ಕಾಲನ್ನು ತೊಳೆದು ಚೆನ್ನಾಗಿ ಒರೆಸಿ ರಾತ್ರಿ ಹಚ್ಚಿಕೊಂಡಾಗ ತುರಿಕೆ ಬೇಗ ತಗ್ಗುವುದನ್ನು ನಾನೂ ಕಂಡಿದ್ದೇನೆ, ಮನೆಯವರೂ ಹೇಳುತ್ತಾರೆ. ಇದರಲ್ಲಿ ಥೈಮಾಲ್‌ನ ಪಾಲೆಷ್ಟು, ಕಾಲನ್ನು ಒಣಗಿಸಿಟ್ಟದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ. ಕೊಬ್ಬರಿ ಎಣ್ಣೆ ಉರಿಯನ್ನು ತಡೆಯುತ್ತದೆಯಾದರೂ ಥೈಮಾಲ್ ಆ ಕೊಬ್ಬಿನಲ್ಲೇ ಉಳಿದುಕೊಳ್ಳುವುದರಿಂದ ಅದರ ಪ್ರಭಾವವೂ ಒಂದಿಷ್ಟು ಕುಗ್ಗುತ್ತದೆ. ಮತ್ತೆ ಮತ್ತೆ ಮರುಕಳಿಸುವ ಸೋಂಕಿಗೆ ಔಷಧ ಅಂಗಡಿಯ ಶಿಲೀಂಧ್ರನಾಶಕ ಮುಲಾಮೇ ಮೇಲು. ಸಕ್ಕರೆ ಕಾಯಿಲೆಯವರು ಕಾಲಿನ ವಿಷಯದಲ್ಲಿ ಮನೆಮದ್ದಿಗೆ ಹೋಗಲೇಬಾರದು.

ನೆಲ ಒರೆಸಲು ಮತ್ತು ಅಡುಗೆಕಟ್ಟೆಯ ಒದ್ದೆ ಬಟ್ಟೆಯ ಕಮಟು ತೆಗೆಯಲು ಇದು ನನಗೆ ಹೆಚ್ಚು ತೃಪ್ತಿ ಕೊಟ್ಟಿದೆ. ಎಣ್ಣೆಯನ್ನು ನೇರವಾಗಿ ನೀರಿಗೆ ಹನಿಸಿದರೆ ಮೇಲೆ ತೇಲುತ್ತದೆ, ಒಂದು ಕಡೆ ಘಾಟು, ಇನ್ನೊಂದು ಕಡೆ ಬರಿ ನೀರು. ಮೊದಲು ಪಾತ್ರೆ ತೊಳೆಯುವ ದ್ರವದಲ್ಲಿ ಬೆರೆಸಿ ಆಮೇಲೆ ನೀರಿಗೆ ಹಾಕಬೇಕು. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಸಾಬೂನು ಹಾಕಿದರೆ ಒಡೆದು ಗಸಿಯಾಗುತ್ತದೆ, ಆದ್ದರಿಂದ ಡಿಟರ್ಜೆಂಟ್ ದ್ರವವೇ ಸರಿ. ಬೇಸಿಗೆಯಲ್ಲಿ ಒರೆಸಿದ ನೆಲ ನೋಡನೋಡುತ್ತ ಒಣಗುತ್ತದೆ, ಎಣ್ಣೆಯೂ ಅದರೊಡನೆ ಹಾರುತ್ತದೆ. ಸೂಕ್ಷ್ಮಜೀವಿಗಳಿಗೆ ತಗಲುವ ಹೊತ್ತು ಅಷ್ಟೇ ಕಡಿಮೆ. ರೋಗಿ ಮಲಗಿದ್ದ ಕೋಣೆಗೆ ನಾನು ಈ ಎಣ್ಣೆಯನ್ನು ನಂಬುವುದಿಲ್ಲ, ಬ್ಲೀಚಿಂಗ್ ಪುಡಿಯ ದ್ರಾವಣ ಬಳಸುತ್ತೇನೆ.

ಬೆರೆಸದ ಎಣ್ಣೆ ಚರ್ಮವನ್ನು ಸುಡುತ್ತದೆ, ಕಣ್ಣಿಗಂತೂ ತಾಗಲೇಬಾರದು. ಸೀಸೆಯ ಜೊತೆ ಬರುವ ಮಡಿಕೆ ಕಾಗದದಲ್ಲಿ ‘ಬಿಸಿನೀರಿಗೆ ಎರಡು ಹನಿ ಹಾಕಿ ಕುಡಿಯಿರಿ’ ಎಂದಿರುವುದು ನನಗೆ ಒಪ್ಪಿಗೆಯಿಲ್ಲ. 1909ರ ನಂತರ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕೊಕ್ಕೆಹುಳುವಿನ ವಿರುದ್ಧ ನಡೆದ ಅಭಿಯಾನದಲ್ಲಿ ಥೈಮಾಲ್ ಅನ್ನೇ ಔಷಧವಾಗಿ ನುಂಗಿಸುತ್ತಿದ್ದರು. ಆಗ ರೋಗಿಗಳು ಎಣ್ಣೆ, ಕೊಬ್ಬು, ಮದ್ಯಗಳನ್ನು ಮುಟ್ಟದಂತೆ ಕಟ್ಟುನಿಟ್ಟು ಮಾಡುತ್ತಿದ್ದರು, ಏಕೆಂದರೆ ಅವುಗಳೊಂದಿಗೆ ಥೈಮಾಲ್ ರಕ್ತಕ್ಕೆ ಹೆಚ್ಚಾಗಿ ಸೇರಿ ವಿಷವಾಗುತ್ತಿತ್ತು. ಹೊಟ್ಟೆಗೆ ಬೇಕಾದರೆ ಒಂದು ಚಿಟಿಕೆ ಅಜವಾನ ಸಾಕು. ಡ್ರಾಪರಿನ ರಬ್ಬರು ತಲೆ ಕೆಲವೇ ತಿಂಗಳಲ್ಲಿ ಉಬ್ಬಿ ಅಂಟಂಟಾಗುತ್ತದೆ, ತಯಾರಕರು ಇದನ್ನು ಬದಲಿಸಬೇಕು. ನಾನು ಸಾಧಾರಣ ತಿರುಪು ಮುಚ್ಚಳ ಹಾಕಿ ಡ್ರಾಪರನ್ನು ಬೇರೆಯಾಗಿ ಇಡುತ್ತೇನೆ.

ಕೊನೆಯದು, ಆದರೆ ನನ್ನ ಲೆಕ್ಕದಲ್ಲಿ ದೊಡ್ಡದು, ಸೀಸೆಯಿಂದ ಸೀಸೆಗೆ ಇರುವ ವ್ಯತ್ಯಾಸ. ಮೊದಮೊದಲು ಬಂದ ಸೀಸೆಗಳಲ್ಲಿ ಡಿಸೆಂಬರಿನ ಚಳಿಗೆ ತಳದಲ್ಲಿ ಸ್ವಚ್ಛ ಹರಳುಗಳು ಕೂಡುತ್ತಿದ್ದವು. ಅದು ಕಲಬೆರಕೆಯಲ್ಲ; ಶುದ್ಧ ಥೈಮಾಲ್ ಸುಮಾರು 50 ಡಿಗ್ರಿಯಲ್ಲಿ ಮಾತ್ರ ಕರಗುವ ವಸ್ತುವಾದ್ದರಿಂದ ಸಮೃದ್ಧ ಎಣ್ಣೆ ತಂಪಾದಾಗ ಅದು ಬೇರ್ಪಡುತ್ತದೆ. ಆಮೇಲೆ ಬಂದ ಒಂದು ಸೀಸೆ ಫ್ರಿಜ್ಜಿನಲ್ಲಿಟ್ಟರೂ ತಿಳಿಯಾಗಿಯೇ ಉಳಿಯಿತು. ಘಾಟು ಕಡಿಮೆ, ಟರ್ಪಂಟೈನ್‌ನ ವಾಸನೆ ಹೆಚ್ಚು. ಹಳೆಯ ಸೀಸೆಯಲ್ಲಿ ಉಳಿದಿದ್ದ ಎಣ್ಣೆಯನ್ನೂ ಇದನ್ನೂ ಕಾಲೇಜಿನ ಪ್ರಯೋಗಶಾಲೆಗೆ ಒಯ್ದು, ಉದ್ದ ಕುತ್ತಿಗೆಯ ಕ್ಯಾಸಿಯಾ ಫ್ಲಾಸ್ಕಿನಲ್ಲಿ ದುರ್ಬಲ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದೊಂದಿಗೆ ಕುಲುಕಿದೆ. ಫೀನಾಲ್ ಆದ ಥೈಮಾಲ್ ಕ್ಷಾರದಲ್ಲಿ ಕರಗಿ ಕೆಳಗಿಳಿಯುತ್ತದೆ, ಉಳಿದ ಎಣ್ಣೆ ಅಳತೆಯ ಗೆರೆಗಳಿರುವ ಕುತ್ತಿಗೆಗೆ ಏರಿ ನಿಲ್ಲುತ್ತದೆ. ಹಳೆಯದರಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಕರಗಿತು, ಹೊಸದರಲ್ಲಿ ಕರಗಿದ್ದು ಹೇಳಿಕೊಳ್ಳುವಷ್ಟಿರಲಿಲ್ಲ. ಥೈಮಾಲ್ ಹರಳನ್ನು ತೆಗೆದು ಬೇರೆಯಾಗಿ ಮಾರಿದ ಮೇಲೆ ಉಳಿಯುವ ಎಣ್ಣೆಗೆ ವ್ಯಾಪಾರದಲ್ಲಿ ಥೈಮೀನ್ ಎನ್ನುತ್ತಾರೆ. ಅದನ್ನು ಆ ಹೆಸರಿನಲ್ಲೇ ಮಾರಿದರೆ ಯಾರ ತಕರಾರೂ ಇರದು.

ಎಣ್ಣೆಯ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಫಿ ಪರೀಕ್ಷೆಯ ವರದಿ ಕಳುಹಿಸಿ ಎಂದು ತಯಾರಕರಿಗೆ ಬರೆದೆ. ವರದಿಯ ಬದಲು ಇನ್ನೊಂದು ಸೀಸೆ ಉಚಿತವಾಗಿ ಬಂತು. ಎಣ್ಣೆ ಚೆನ್ನಾಗಿತ್ತು, ಚಳಿಗೆ ಹರಳೂ ಕಟ್ಟಿತು. ಚೀಟಿ ಹಿಂದಿನದೇ, ಥೈಮಾಲ್‌ನ ಪ್ರಮಾಣಕ್ಕೆ ಅದರಲ್ಲಿ ಈಗಲೂ ಜಾಗವಿಲ್ಲ. ಈ ಕಾರಣಕ್ಕೆ ಐದರಲ್ಲಿ ಮೂರು ನಕ್ಷತ್ರ ಕೊಟ್ಟಿದ್ದೇನೆ. ಬ್ಯಾಚ್ ಸಂಖ್ಯೆಯ ಪಕ್ಕದಲ್ಲಿ ಆ ಒಂದು ಅಂಕಿಯನ್ನು ಮುದ್ರಿಸಿದ ದಿನ ನಾಲ್ಕನೆಯದನ್ನೂ ಸೇರಿಸುತ್ತೇನೆ. ಐದನೆಯದು ಡ್ರಾಪರಿನ ರಬ್ಬರು ಸರಿಯಾದ ಮೇಲೆ.