ದಾರಿಯಲ್ಲೇ ಚೀನಾ ವೀಸಾ ಮಾಡಿಸಿಕೊಳ್ಳಬಹುದು ಅನ್ನೋ ಮಾತು ನಂಬಿ ಹೊರಡಬೇಡಿ

ಶಿಡ್ಲಘಟ್ಟದ ಇಬ್ಬರು ರೀಲರ್‌ಗಳು (ಗೂಡಿನಿಂದ ರೇಷ್ಮೆ ನೂಲು ತೆಗೆಯುವವರು) ಚೀನಾದಲ್ಲಿ ಆಟೊಮ್ಯಾಟಿಕ್ ರೀಲಿಂಗ್ ಮೆಷಿನ್ ನೋಡಿ ಬರೋಣ ಅಂತ ಹೊರಟು ಬ್ಯಾಂಕಾಕ್‌ನಿಂದಲೇ ವಾಪಸಾಗಿದ್ದಾರೆ. "ಮೊದಲು ಥಾಯ್ಲೆಂಡ್‌ಗೆ ಹೋಗಿಬಿಡಿ, ಅಲ್ಲಿ ನಾಲ್ಕು ದಿನಕ್ಕೆ ಚೀನಾ ವೀಸಾ ಆಗುತ್ತೆ, ಮುಂಬೈಗೆ ಕಾಗದ ಕಳಿಸೋ ತಾಪತ್ರಯವೇ ಇರಲ್ಲ" ಅಂತ ಯಾರೋ ಹೇಳಿದ್ದರಂತೆ. ಬ್ಯಾಂಕಾಕ್‌ನ ಚೀನಾ ವೀಸಾ ಕೌಂಟರ್‌ನಲ್ಲಿ ಕೇಳಿದ ಮೊದಲ ಕಾಗದವೇ ಇವರ ಹತ್ತಿರ ಇರಲಿಲ್ಲ. ಮುಂದಿನ ಟಿಕೆಟ್, ಹೋಟೆಲ್ ಬುಕಿಂಗ್ ಎಲ್ಲದರ ದುಡ್ಡೂ ಹೋಯಿತು. ರೇಷ್ಮೆಗೂಡಿನ ಮಾರ್ಕೆಟ್‌ನಲ್ಲಿ ಈಗಲೂ ಇದೇ ಸಲಹೆ ಓಡಾಡುತ್ತಿರುವುದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇವೆ.

ಆ ಕಾಗದ ಯಾವುದು ಅಂದರೆ, ಅರ್ಜಿ ಹಾಕುವ ದೇಶದಲ್ಲಿ ನೀವು ಕಾನೂನುಬದ್ಧವಾಗಿ ನೆಲೆಸಿದ್ದೀರಿ ಅನ್ನುವುದಕ್ಕೆ ದಾಖಲೆ. ಸ್ವಂತ ದೇಶ ಬಿಟ್ಟು ಬೇರೆ ಕಡೆ ಅರ್ಜಿ ಹಾಕುವವರಿಗೆ ಚೀನಾದ ಅರ್ಜಿಯಲ್ಲೇ ಇದನ್ನು ಕೇಳುತ್ತಾರೆ. ಅಲ್ಲಿ ಕೆಲಸ ಮಾಡುವವರಿಗೆ ವರ್ಕ್ ಪರ್ಮಿಟ್, ಓದುವವರಿಗೆ ಸ್ಟೂಡೆಂಟ್ ಪರ್ಮಿಟ್ ಇರುತ್ತದೆ, ಅವರಿಗೆ ತೊಂದರೆ ಇಲ್ಲ. ಹತ್ತು ದಿನಕ್ಕೆ ಸುತ್ತಾಡಲು ಹೋದವರ ಪಾಸ್‌ಪೋರ್ಟ್‌ನಲ್ಲಿ ಇರುವುದು ಪ್ರವಾಸಿ ಎಂಟ್ರಿ ಸೀಲ್ ಮಾತ್ರ. ಅದನ್ನು ಒಪ್ಪುವುದು ಬಿಡುವುದು ಆಯಾ ಕಚೇರಿಯ ಮರ್ಜಿ. ಹೋದ ವರ್ಷ ಯಾರಿಗೋ ಕೊಟ್ಟರು ಅಂತ ಈ ವರ್ಷ ನಿಮಗೂ ಕೊಡುತ್ತಾರೆ ಅನ್ನುವ ಭರವಸೆ ಇಲ್ಲ.

ಹಾಗಾಗಿ ವೀಸಾ ಊರಲ್ಲಿದ್ದಾಗಲೇ ಆಗಬೇಕು. ಕರ್ನಾಟಕದವರ ಅರ್ಜಿ ಮುಂಬೈನ ಚೀನಾ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತದೆ. ಪ್ರವಾಸಕ್ಕೆ ಎಲ್ ವೀಸಾ, ವ್ಯಾಪಾರಕ್ಕೆ ಎಂ ವೀಸಾ. ಮೆಷಿನ್ ನೋಡಲು, ಎಕ್ಸಿಬಿಷನ್‌ಗೆ ಹೋಗುವವರು ಸುಲಭ ಅಂತ ಎಲ್ ಹಾಕಬೇಡಿ. ಇಮಿಗ್ರೇಷನ್‌ನಲ್ಲಿ ಏಕೆ ಬಂದಿರಿ ಅಂದಾಗ ಫ್ಯಾಕ್ಟರಿ ಹೆಸರು ಹೇಳಿ ವೀಸಾದಲ್ಲಿ ಪ್ರವಾಸ ಅಂತಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಎಂ ವೀಸಾಗೆ ಚೀನಾದ ಕಂಪನಿಯಿಂದ ಆಹ್ವಾನ ಪತ್ರ ಬೇಕು. ಅದರಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ಏಕೆ ಬರುತ್ತೀರಿ, ಎಂದು ಬಂದು ಎಂದು ಹೊರಡುತ್ತೀರಿ, ಯಾವ ಯಾವ ಊರು, ಖರ್ಚು ಯಾರದು, ಇಷ್ಟೂ ಇರಬೇಕು. ಕೆಳಗೆ ಕಂಪನಿಯ ಕೆಂಪು ದುಂಡು ಸೀಲ್ ಮತ್ತು ಸಹಿ. ವಾಟ್ಸ್ಆಪ್‌ನಲ್ಲಿ "ಯು ಆರ್ ವೆಲ್ಕಮ್" ಅಂತ ಬಂದ ಮೆಸೇಜಿನ ಪ್ರಿಂಟ್ ಆಹ್ವಾನ ಪತ್ರವಲ್ಲ.

ನಮ್ಮ ಕಡೆಯವರಿಗೆ ಅತಿ ಹೆಚ್ಚು ಪೆಟ್ಟು ಬೀಳುವುದು ಹೆಸರಿನಲ್ಲಿ. ಪಾಸ್‌ಪೋರ್ಟ್‌ನ ಗಿವನ್ ನೇಮ್ ಜಾಗದಲ್ಲಿ ಮಂಜುನಾಥ ಅಂತ ಇರುತ್ತದೆ, ಸರ್‌ನೇಮ್ ಜಾಗ ಖಾಲಿ. ವಿಸಿಟಿಂಗ್ ಕಾರ್ಡ್‌ನಲ್ಲಿ ಕೆ. ಮಂಜುನಾಥ್, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮಂಜುನಾಥ್ ಕೆ. ಫ್ಯಾಕ್ಟರಿಯವರು ವಿಸಿಟಿಂಗ್ ಕಾರ್ಡ್ ನೋಡಿ ಪತ್ರ ಟೈಪ್ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಕೊನೆಯ ಒಂದು 'ಎ' ಅಕ್ಷರ ಬಿಟ್ಟುಹೋದರೂ ಅದು ಪಾಸ್‌ಪೋರ್ಟ್‌ಗೆ ತಾಳೆಯಾಗುವುದಿಲ್ಲ, ಪತ್ರ ಹೊಸದಾಗಿ ತರಿಸಬೇಕಾಗುತ್ತದೆ. ಹೆಸರನ್ನು ಬಾಯಲ್ಲಿ ಹೇಳಬೇಡಿ, ಪಾಸ್‌ಪೋರ್ಟ್‌ನ ಮೊದಲ ಪುಟವನ್ನೇ ಸ್ಕ್ಯಾನ್ ಮಾಡಿ ಕಳಿಸಿ, ಅದರಲ್ಲಿದ್ದ ಹಾಗೇ ಅಕ್ಷರಕ್ಕೆ ಅಕ್ಷರ ಹಾಕಿಸಿ. ವಿಮಾನದ ಟಿಕೆಟ್‌ಗೂ ಇದೇ ಮಾತು.

ಫೋಟೊ ವಿಷಯದಲ್ಲೂ ಸ್ಟುಡಿಯೋದವರಿಗೆ "ಪಾಸ್‌ಪೋರ್ಟ್ ಸೈಜ್" ಅಂದರೆ ಸಾಲದು. 33 ಮಿಲಿಮೀಟರ್ ಅಗಲ, 48 ಮಿಲಿಮೀಟರ್ ಎತ್ತರ, ಬಿಳಿ ಹಿನ್ನೆಲೆ, ಎರಡೂ ಕಿವಿ ಕಾಣಬೇಕು ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪಾಸ್‌ಪೋರ್ಟ್ ಅವಧಿ ಕನಿಷ್ಠ ಆರು ತಿಂಗಳು ಬಾಕಿ ಇರಲಿ, ಖಾಲಿ ಪುಟಗಳೂ ಇರಲಿ.

ಇನ್ನು ದಿನದ ಲೆಕ್ಕ. ಅರ್ಜಿ ಒಳಗೆ ಹೋದ ಮೇಲೆ ಸಾಮಾನ್ಯವಾಗಿ ನಾಲ್ಕು ಕೆಲಸದ ದಿನ ಅನ್ನುತ್ತಾರೆ. ಆದರೆ ಇನ್ನೊಂದು ಕಾಗದ ಕೇಳಿದರೆ, ಇಂಟರ್‌ವ್ಯೂಗೆ ಕರೆದರೆ ಆ ಲೆಕ್ಕ ಮುರಿದುಬೀಳುತ್ತದೆ. ಗುವಾಂಗ್‌ಜೌನ ದೊಡ್ಡ ವ್ಯಾಪಾರ ಮೇಳ ಕ್ಯಾಂಟನ್ ಫೇರ್ ಶರತ್ಕಾಲದಲ್ಲಿ ಅಕ್ಟೋಬರ್ 15ಕ್ಕೆ ಶುರುವಾಗುತ್ತದೆ. ಅದಕ್ಕೆ ಸರಿಯಾಗಿ ಅಕ್ಟೋಬರ್ 1ರಿಂದ ಚೀನಾದ ರಾಷ್ಟ್ರೀಯ ದಿನದ ರಜೆ, 2ಕ್ಕೆ ಗಾಂಧಿ ಜಯಂತಿ, ಕೆಲವು ವರ್ಷ ಹೆಚ್ಚುಕಡಿಮೆ ಅದೇ ಹೊತ್ತಿಗೆ ದಸರಾ. ಅಂಥ ವರ್ಷ ಆಯುಧಪೂಜೆ ಮುಗಿಸಿ ಕಾಗದ ಕಳಿಸೋಣ ಅಂದುಕೊಂಡವರಿಗೆ ಉಳಿಯುವುದು ಕೆಲವೇ ಕೆಲಸದ ದಿನ. ಆಗಸ್ಟ್ ಕೊನೆಯಲ್ಲೇ ಆಹ್ವಾನ ಪತ್ರ ಕೈಗೆ ಬಂದಿರಬೇಕು. ಏಪ್ರಿಲ್ 15ರ ವಸಂತದ ಫೇರ್‌ಗೆ ಇಷ್ಟು ಇಕ್ಕಟ್ಟಿಲ್ಲ.

ವೀಸಾ ಸ್ಟಿಕ್ಕರ್ ಕೈಗೆ ಬಂದ ಕೂಡಲೇ ಮೂರು ಸಾಲು ಓದಿ. "ಎಂಟರ್ ಬಿಫೋರ್" ಅಂದರೆ ಆ ತಾರೀಖಿನೊಳಗೆ ಚೀನಾ ಪ್ರವೇಶಿಸಬೇಕು ಅಂತ. ಅಲ್ಲಿಯವರೆಗೂ ಅಲ್ಲೇ ಇರಬಹುದು ಅಂತ ತಿಳಿದುಕೊಳ್ಳುವವರು ತುಂಬ ಜನ. ಎಷ್ಟು ದಿನ ಇರಬಹುದು ಅನ್ನುವುದು "ಡ್ಯುರೇಷನ್" ಸಾಲಿನಲ್ಲಿದೆ. ಹೆಚ್ಚಿಗೆ ಉಳಿದರೆ ದಿನಕ್ಕೆ 500 ಯುವಾನ್ ದಂಡ, 10,000 ಯುವಾನ್‌ವರೆಗೆ ಏರುತ್ತದೆ, ಬಂಧನದಲ್ಲಿಡಲೂ ಕಾನೂನಿದೆ. ಮೂರನೆಯದು "ಎಂಟ್ರೀಸ್". ಅಲ್ಲಿ ಒಂದು ಅಂತಿದ್ದರೆ ಒಂದೇ ಸಲ. ಶೆನ್‌ಜೆನ್‌ನಿಂದ ಹಾಂಗ್‌ಕಾಂಗ್‌ಗೆ ಒಂದು ದಿನ ಹೋಗಿಬರೋಣ ಅಂತ ಗಡಿ ದಾಟಿದರೆ ಚೀನಾದಿಂದ ಹೊರಬಿದ್ದ ಲೆಕ್ಕ, ಅದೇ ವೀಸಾದಲ್ಲಿ ಮತ್ತೆ ಒಳಗೆ ಬರಲಾಗದು. ಬ್ಯಾಗು ಶೆನ್‌ಜೆನ್ ಹೋಟೆಲ್‌ನಲ್ಲಿ, ನೀವು ಹಾಂಗ್‌ಕಾಂಗ್‌ನಲ್ಲಿ. ಹಾಂಗ್‌ಕಾಂಗ್‌ಗೆ ಚೀನಾ ವೀಸಾ ಬೇಡ, ನಿಜ. ಆದರೆ ಭಾರತದ ಪಾಸ್‌ಪೋರ್ಟ್‌ನವರು ಹೊರಡುವ ಮುಂಚೆಯೇ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಸಿರಬೇಕು, ಇರಲು ಸಿಗುವುದು 14 ದಿನ.

ಯೂಟ್ಯೂಬ್‌ನಲ್ಲಿ ಜೋರಾಗಿ ಹೇಳುವ "240 ಗಂಟೆ ವೀಸಾ ಇಲ್ಲದೆ ಚೀನಾ" ಯೋಜನೆಯ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಹೈನಾನ್ ದ್ವೀಪದ ವೀಸಾ ವಿನಾಯಿತಿಯಲ್ಲೂ ಇಲ್ಲ. ನಮಗಿರುವುದು 24 ಗಂಟೆಯ ಟ್ರಾನ್ಸಿಟ್ (ಬೇರೆ ದೇಶಕ್ಕೆ ಹೋಗುವ ದಾರಿಯಲ್ಲಿ ಇಳಿದು ಮುಂದೆ ಹೋಗುವುದು) ಮಾತ್ರ, ಅದಕ್ಕೂ ಮೂರನೇ ದೇಶಕ್ಕೆ ಖಚಿತ ಟಿಕೆಟ್ ಇರಬೇಕು. ಕೌಲಾಲಂಪುರದಿಂದ ಗುವಾಂಗ್‌ಜೌಗೆ ಹೋಗಿ ಕೌಲಾಲಂಪುರಕ್ಕೇ ಮರಳುವುದು ಟ್ರಾನ್ಸಿಟ್ ಅಲ್ಲ. ಚೆಕ್‌ಇನ್ ಕೌಂಟರ್‌ನಲ್ಲೇ ಏರ್‌ಲೈನ್‌ನವರು ತಡೆಯುತ್ತಾರೆ, ಅವರ ಜೊತೆ ವಾದಿಸಿ ಪ್ರಯೋಜನವಿಲ್ಲ.

ಈಗಾಗಲೇ ಹೊರದೇಶದಲ್ಲಿದ್ದು, ಅಲ್ಲೇ ಪ್ರಯತ್ನಿಸಲೇಬೇಕು ಅನ್ನುವವರು ಮೊದಲು ಆ ಊರಿನ ಚೀನಾ ವೀಸಾ ಕೇಂದ್ರಕ್ಕೆ ಇಮೇಲ್ ಮಾಡಿ, "ಭಾರತದ ಪಾಸ್‌ಪೋರ್ಟ್, ಪ್ರವಾಸಿ ಎಂಟ್ರಿ, ಅರ್ಜಿ ತೆಗೆದುಕೊಳ್ಳುತ್ತೀರಾ" ಅಂತ ಕೇಳಿ. ಉತ್ತರ ಬರುವವರೆಗೆ ಮುಂದಿನ ಟಿಕೆಟ್‌ಗೆ ದುಡ್ಡು ಕಟ್ಟಬೇಡಿ, ಕಟ್ಟಿದರೂ ರದ್ದು ಮಾಡಿದರೆ ವಾಪಸ್ ಬರುವಂಥದ್ದನ್ನೇ ತೆಗೆದುಕೊಳ್ಳಿ. ಅರ್ಜಿ ತೆಗೆದುಕೊಂಡರೆ ಪಾಸ್‌ಪೋರ್ಟ್ ಅವರ ಹತ್ತಿರ ಉಳಿಯುತ್ತದೆ. ಆ ದಿನಗಳಲ್ಲಿ ನೀವು ಬೇರೆ ದೇಶಕ್ಕೆ ಹೋಗಲಾರಿರಿ, ಹೋಟೆಲ್ ಬದಲಿಸಿದರೆ ಪಾಸ್‌ಪೋರ್ಟ್ ತೋರಿಸಿ ಅನ್ನುತ್ತಾರೆ. ಕೊಡುವ ಮುಂಚೆ ಮೊದಲ ಪುಟ, ಎಂಟ್ರಿ ಸೀಲ್ ಇರುವ ಪುಟ ಎರಡನ್ನೂ ಜೆರಾಕ್ಸ್ ಮಾಡಿಸಿ, ರಸೀದಿಯ ಜೊತೆ ಜೇಬಿನಲ್ಲಿಡಿ. ಇರುವ ದೇಶದಲ್ಲಿ ನಿಮಗೆ ಉಳಿದ ದಿನ ಎಷ್ಟು ಅಂತಲೂ ಎಣಿಸಿ. ವಿಯೆಟ್ನಾಂನಲ್ಲಿ ಸಿಂಗಲ್ ಎಂಟ್ರಿ ಇ-ವೀಸಾ ಮೇಲೆ ಇರುವವರು ಚೀನಾಕ್ಕೆ ಹೋದರೆ ಹನೋಯಿಗೆ ಮರಳಲು ಇನ್ನೊಂದು ಇ-ವೀಸಾ ಬೇಕು. ಬೆಂಗಳೂರಿಗೆ ವಾಪಸ್ ಟಿಕೆಟ್ ಹನೋಯಿಯಿಂದ ಮಾಡಿಸಿದ್ದರೆ ಆ ಎರಡನೇ ಇ-ವೀಸಾವನ್ನು ಗಡಿ ದಾಟುವ ಮುಂಚೆಯೇ ತೆಗೆದುಕೊಂಡಿರಿ.