ಹಳೇ ಮಸ್ಟಾಂಗ್‌ಗೆ ಗುಜರಿ ಯಾರ್ಡ್‌ನ ಪಾರ್ಟುಗಳು: ವರ್ಷಗಟ್ಟಲೆ ಓಡಾಡಿದ ಮೇಲಿನ ಅನಿಸಿಕೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಇದ್ದೇನೆ. 1967ರ ಫೋರ್ಡ್ ಮಸ್ಟಾಂಗ್ ಒಂದನ್ನು ಮತ್ತೆ ರಸ್ತೆಗಿಳಿಸುವ ಕೆಲಸ ವರ್ಷಗಳಿಂದ ನಡೆದಿದೆ. ಹಾರ್ಡ್‌ಟಾಪ್ (ಮಡಚಲಾಗದ ತಗಡಿನ ಚಾವಣಿ), 289 ಘನ ಇಂಚಿನ, ಎಂಟು ಸಿಲಿಂಡರಿನ ವಿ8 ಎಂಜಿನ್. ಇದು ಮಸಲ್ ಕಾರೇ (ಭಾರೀ ಎಂಜಿನ್‌ನ ಕಾರು) ಅಲ್ಲ, ಪೋನಿ ಕಾರ್ (ಚಿಕ್ಕ ಸ್ಪೋರ್ಟಿ ಕಾರು) ಅಂತ ಜಗಳಕ್ಕೆ ಬರುವವರಿದ್ದಾರೆ. ಬರಲಿ ಬಿಡಿ. ಈ ವಿಮರ್ಶೆ ಕಾರಿನದ್ದಲ್ಲ, ಅದಕ್ಕೆ ಸಾಮಾನು ಒದಗಿಸಿದ ಗುಜರಿ ಯಾರ್ಡ್‌ಗಳದ್ದು.

ಮೊದಲೇ ಹೇಳಿಬಿಡುತ್ತೇನೆ. ಹಳೇ ಮಸ್ಟಾಂಗ್ ಸಿಗುತ್ತದೆ ಅಂತ ಯಾರ್ಡ್‌ಗೆ ಹೋಗಬೇಡಿ. 1967ರ ಮಾಡೆಲ್ ಒಂದನ್ನೇ ಫೋರ್ಡ್ 4,72,000ಕ್ಕೂ ಜಾಸ್ತಿ ಮಾಡಿತ್ತು ನಿಜ. ಆದರೆ ಗುಜರಿಗೆ ಬಂದವು ಯಾವತ್ತೋ ಕರಗಿ ಹೋದವು, ಉಳಿದವನ್ನು ಜನ ಗ್ಯಾರೇಜಲ್ಲಿ ಜೋಪಾನ ಮಾಡಿಟ್ಟಿದ್ದಾರೆ. ಅಲ್ಲಿ ನೀವು ಹುಡುಕಬೇಕಾದ್ದು ಫೋರ್ಡ್ ಎಕ್ಸ್‌ಪ್ಲೋರರ್. ಹೌದು, ಮಕ್ಕಳನ್ನು ಸ್ಕೂಲಿಗೆ ಬಿಡೋಕೆ ಓಡಿಸುತ್ತಿದ್ದ ಅದೇ ಎಸ್‌ಯುವಿ!

ಯಾಕೆ ಅಂದರೆ ಅದರ ಹಿಂದಿನ ಆಕ್ಸಲ್, ಅಂದರೆ ಹಿಂದಿನ ಎರಡು ಚಕ್ರಗಳನ್ನು ತಿರುಗಿಸುವ ಅಚ್ಚು. ನನ್ನ ಕಾರಿನಲ್ಲಿ ಇದ್ದದ್ದು 8 ಇಂಚಿನದು (ಒಳಗಿನ ದೊಡ್ಡ ಗೇರಿನ ಅಳತೆ), ಡ್ರಮ್ ಬ್ರೇಕ್. 1995ರಿಂದ 2001ರವರೆಗಿನ ಎಕ್ಸ್‌ಪ್ಲೋರರ್‌ನಲ್ಲಿ 8.8 ಇಂಚಿನ ಆಕ್ಸಲ್ ಇದೆ, ಡಿಸ್ಕ್ ಬ್ರೇಕ್ ಸಮೇತ. ವೀಲಿಗೆ ನನ್ನ ಕಾರಿನ ಹಾಗೇ ಐದೇ ಬೋಲ್ಟ್, ಬೋಲ್ಟುಗಳ ವೃತ್ತವೂ ಅದೇ ನಾಲ್ಕೂವರೆ ಇಂಚಿನ ಅಳತೆ. 1967–70ರ ಮಸ್ಟಾಂಗ್‌ಗೆ ಅಗಲವೂ ಹೆಚ್ಚುಕಮ್ಮಿ ಹೊಂದುತ್ತದೆ. ಎಕ್ಸ್‌ಪ್ಲೋರರ್ ಕೆಳಗೆ ತೂರಿ, ಆಕ್ಸಲ್ ನಡುವಿನ ಗೇರುಗಳ ಗುಡ್ಡೆಯಾದ ಡಿಫರೆನ್ಷಿಯಲ್‌ನ ಕವರಿನ ಒಂದು ಬೋಲ್ಟ್‌ಗೆ ಸಿಕ್ಕಿಸಿದ ಪುಟ್ಟ ತಗಡಿನ ಪಟ್ಟಿ ನೋಡಿ. ಮೇಲಿನ ಗ್ರೀಸು ಮಣ್ಣು ಉಜ್ಜಿದರೆ ಅಕ್ಷರ ಕಾಣುತ್ತದೆ. ‘3ಎಲ್73’ ಅಂತಿದ್ದರೆ ಬಿಡಬೇಡಿ. ಗೇರ್ ಅನುಪಾತ 3.73, ನಡುವಿನ ಎಲ್ ಇದ್ದರೆ ಲಿಮಿಟೆಡ್ ಸ್ಲಿಪ್, ಅಂದರೆ ಒಂದೇ ಚಕ್ರ ಸುಮ್ನೆ ಜಾರಿ ತಿರುಗದಂತೆ ತಡೆಯುವ ಬಗೆ. ಪಟ್ಟಿ ಬಿದ್ದುಹೋಗಿದ್ದರೆ ಡ್ರೈವರ್ ಬಾಗಿಲಿನ ಕಡೆಯ ಸ್ಟಿಕ್ಕರ್‌ನಲ್ಲಿ ಆಕ್ಸಲ್ ಕೋಡ್ ಇರುತ್ತದೆ. ಡಿ4 ಅಂದರೂ ಅದೇ.

ಡ್ರೈವ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಬರುವ ದಂಡ) ಕಟ್ಟಿರುವ ಬೋಲ್ಟುಗಳಿಗೆ 12 ಮಿಲಿಮೀಟರಿನ ಹನ್ನೆರಡು ಮೂಲೆಯ ಸಾಕೆಟ್ಟೇ ಬೇಕು. ಮಾಮೂಲಿ ಆರು ಮೂಲೆಯದು ಕೂರುವುದೇ ಇಲ್ಲ. ಅದಿಲ್ಲದೆ ಹೋದರೆ ಸುಮ್ನೆ ವಾಪಸ್ ಬರಬೇಕು. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಸ್ವಲ್ಪ ಹೊತ್ತು ಕಾಯಿರಿ. ಆಕ್ಸಲ್ ಎತ್ತಲು ಇನ್ನೊಬ್ಬರು ಜೊತೆಗಿರಲಿ.

ಆಕ್ಸಲ್‌ಗೆ ನಾನು ಕೊಟ್ಟದ್ದು 200 ಡಾಲರ್ ಆಸುಪಾಸು. ಅಷ್ಟಕ್ಕೇ ಮುಗಿಯಿತು ಅಂದುಕೊಳ್ಳಬೇಡಿ. ಸ್ಪ್ರಿಂಗ್ ಕೂರುವ ಪರ್ಚ್ ಕತ್ತರಿಸಿ ಮಸ್ಟಾಂಗ್ ಅಳತೆಗೆ ಹೊಸದು ವೆಲ್ಡ್ ಮಾಡಿಸಬೇಕು, ಡ್ರೈವ್ ಶಾಫ್ಟ್ ಸೇರಿಸಲು ಬೇರೆ ಯು-ಜಾಯಿಂಟ್ (ಬಾಗುವ ಕೀಲು) ಬೇಕು, ಬೇರಿಂಗ್, ಸೀಲ್, ಪ್ಯಾಡ್ ಎಲ್ಲ ಹೊಸದು. ವೆಲ್ಡಿಂಗ್ ಖರ್ಚೇ ಆಕ್ಸಲ್‌ಗಿಂತ ಜಾಸ್ತಿ ಬಂತು. ಆದರೂ ಹಾಕಿಸಿದಾಗಿನಿಂದ ಸೋರಿಲ್ಲ, ಸದ್ದು ಮಾಡಿಲ್ಲ. ಬ್ರೇಕ್ ಅಂತೂ ಈಗ ನಂಬುವ ಹಾಗಿದೆ.

ಯಾರ್ಡ್ ನಡೆಯುವ ರೀತಿ ಗೊತ್ತಿಲ್ಲದವರಿಗೆ: ಇವು ‘ನೀವೇ ಬಿಚ್ಚಿಕೊಳ್ಳಿ’ ಅನ್ನುವ ಜಾಗಗಳು. ಬಾಗಿಲಲ್ಲಿ ಸ್ವಲ್ಪ ಪ್ರವೇಶ ಶುಲ್ಕ ಕೊಟ್ಟು, ಏನಾದರೂ ಆದರೆ ನಾನೇ ಹೊಣೆ ಅಂತ ಸಹಿ ಹಾಕಿ ಒಳಗೆ ಹೋಗಬೇಕು. ಟೂಲ್ಸ್ ನಿಮ್ಮದೇ, ಗ್ಯಾಸ್ ಕಟರ್ ಮಾತ್ರ ಬಿಡುವುದಿಲ್ಲ. ಬೆರಳು ಕಾಣುವ ಚಪ್ಪಲಿಯೂ ನಡೆಯಲ್ಲ. ಬೆಲೆ ಬೋರ್ಡ್ ಮೇಲೆ ಬರೆದಿರುತ್ತದೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಚೌಕಾಸಿ ಮಾಡಿ ಬೆಳೆದವರಿಗೆ ಇದು ಸಪ್ಪೆ. ಆದರೆ ರಜೆಯ ವಾರಾಂತ್ಯಗಳಲ್ಲಿ ಅರ್ಧ ಬೆಲೆ ಮಾಡುತ್ತಾರೆ, ದೊಡ್ಡ ಸಾಮಾನಿಗೆ ಆಗ ಹೋಗಿ. ಹಳೇ ಪಾರ್ಟು ವಾಪಸ್ ಕೊಡದಿದ್ದರೆ ಕೆಲವಕ್ಕೆ ಕೋರ್ ಚಾರ್ಜ್ ಅಂತ ಮೇಲೆ ಹಾಕುತ್ತಾರೆ, ಬಿಲ್ ನೋಡಿಕೊಳ್ಳಿ. ಕೈಗವಸು ಹಾಕಿಕೊಳ್ಳಿ, ಸೀಟಿನ ಕೆಳಗೆ ಬ್ಲ್ಯಾಕ್ ವಿಡೋ ಜೇಡ ಇರುತ್ತದೆ.

ದೂರು ಏನಪ್ಪಾ ಅಂದರೆ, ಯಾರ್ಡ್‌ನವರ ಸೈಟಲ್ಲಿ ಕಾರು, ಸಾಲಿನ ನಂಬರ್ ಎಲ್ಲ ತೋರಿಸುತ್ತದೆ. ಹೋಗಿ ನೋಡಿದರೆ ಬರೀ ಚಿಪ್ಪು. ಕಾರು ಬಂದಿದೆ ಅಂತ ಹೇಳುತ್ತಾರೆ, ಅದರಲ್ಲಿ ಏನು ಉಳಿದಿದೆ ಅಂತ ಹೇಳಲ್ಲ. ಕೆಲವು ವಾರ ಇಟ್ಟು ಆಮೇಲೆ ಜಜ್ಜಿಬಿಡುತ್ತಾರೆ.

ಬಾಡಿ ತಗಡಿನ ವಿಷಯವೇ ಬೇರೆ. ಮಿಶಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಕಾರಿನ ಕೆಳಭಾಗ ತಿಂದುಹೋಗುತ್ತದೆ. ಅರಿಜೋನಾದ ಮರುಭೂಮಿಯಲ್ಲಿ ಆ ಕಾಟ ಇಲ್ಲ. ಅಲ್ಲಿ ಹಳೇ ಕಾರುಗಳನ್ನೇ ಇಟ್ಟುಕೊಂಡು, ತಾವೇ ಬಿಚ್ಚಿ ಕಳಿಸುವ ಯಾರ್ಡ್‌ಗಳಿವೆ. ಅಂಥ ಒಂದು ಕಡೆಯಿಂದ ಬಾಗಿಲು ತರಿಸಿದೆ. ತಗಡು ಚೆನ್ನಾಗೇ ಇತ್ತು, ಪ್ಯಾಕಿಂಗ್ ಮಾತ್ರ ದೇವರೇ ಗತಿ! ಅಂಚು ಮಡಚಿಕೊಂಡು ಬಂತು. ಟ್ರಕ್‌ನವರ ಕಡೆ ಬೆರಳು ತೋರಿಸಿ ಕೈತೊಳೆದುಕೊಂಡರು. ಇನ್ನೊಂದು ಮಾತು, ಮರುಭೂಮಿಯ ಬಿಸಿಲಿಗೆ ಡ್ಯಾಶ್‌ಬೋರ್ಡ್, ರಬ್ಬರ್ ಎಲ್ಲ ಸೀಳಿರುತ್ತವೆ. ಅವನ್ನು ಹೊಸದೇ ಕೊಳ್ಳಿ. ಮಸ್ಟಾಂಗ್‌ಗೆ ಹೊಸ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಕೂಡ ಸಿಗುತ್ತದೆ, ಆದರೆ ಬಾನೆಟ್ ಜೊತೆ ಗೆರೆ ಕೂಡಿಸೋಕೆ ಬಾಡಿ ಶಾಪ್‌ನವರು ಬೆವರು ಸುರಿಸುತ್ತಾರೆ. ನನ್ನ ಕಣ್ಣಿಗೆ ಹಳೇ ತಗಡೇ ವಾಸಿ.

ಫೋರ್ಡ್ ಪಾರ್ಟಿನ ಮೇಲಿನ ನಂಬರ್ ಓದಲು ಕಲಿಯಿರಿ. ಸಿ ಅಂದರೆ 1960ರ ದಶಕ, ಡಿ ಅಂದರೆ 1970ರದ್ದು, ಪಕ್ಕದ ಅಂಕಿ ವರ್ಷ, ಆಮೇಲಿನ ಝಡ್ ಅಂದರೆ ಮಸ್ಟಾಂಗ್. ‘ಸಿ7ಝಡ್’ ಅಂತ ಶುರುವಾದರೆ 1967ರ ಮಸ್ಟಾಂಗ್‌ಗೇ ಮಾಡಿದ್ದು. ಕಾರಿನ ಚಾಸಿ ನಂಬರಿನಲ್ಲೂ ಹೀಗೇ. ನನ್ನದು 7ಆರ್01 ಅಂತ ಶುರು. ಆರ್ ಅಂದರೆ ಸ್ಯಾನ್ ಹೊಸೆ ಕಾರ್ಖಾನೆ. ಅದು ಇದ್ದದ್ದು ಪಕ್ಕದ ಊರು ಮಿಲ್ಪಿಟಾಸ್‌ನಲ್ಲಿ, 1983ರಲ್ಲಿ ಮುಚ್ಚಿತು. 1994ರಲ್ಲಿ ಅದೇ ಜಾಗದಲ್ಲಿ ಗ್ರೇಟ್ ಮಾಲ್ ಶುರುವಾಯಿತು. ಊರಿಂದ ಅಪ್ಪ ಅಮ್ಮ ಬಂದಾಗ ಶಾಪಿಂಗ್‌ಗೆ ಕರ್ಕೊಂಡು ಹೋಗ್ತೀವಲ್ವಾ, ಅದೇ ಮಾಲ್.

ಎಂಜಿನ್ ಕಡೆಯ ಸಾಮಾನು ತರುವವರು ಒಂದನ್ನು ಗಮನಿಸಿ. ಎಕ್ಸ್‌ಪ್ಲೋರರ್‌ನ 5.0 ಲೀಟರ್ ವಿ8 ನೋಡಲು ನಮ್ಮ 289ರ ತಮ್ಮನ ಹಾಗೇ ಇದೆ, ಆದರೆ ಅದರ ಫ್ಲೆಕ್ಸ್‌ಪ್ಲೇಟ್ (ಎಂಜಿನ್ ಹಿಂಭಾಗದಲ್ಲಿ ತಿರುಗುವ ತಟ್ಟೆ) ತಂದು ಹಾಕಬೇಡಿ. ಹಳೆಯದರ ಬ್ಯಾಲೆನ್ಸ್ (ಸಮತೋಲನಕ್ಕೆ ಕೂಡಿಸಿದ ತೂಕದ ಅಳತೆ) 28 ಔನ್ಸ್, ಇದರದ್ದು 50. ಎಂಜಿನ್ ನಡುಗಿ ಬೇರಿಂಗ್ ಹೋಗುತ್ತದೆ.

ನೀವೇ ಬಿಚ್ಚುವ ಯಾರ್ಡ್‌ಗಳಿಗೆ 5ಕ್ಕೆ 4 ಕೊಡುತ್ತೇನೆ, ಫೋನಿನಲ್ಲಿ ಮಾತಾಡಿ ದೂರದಿಂದ ತರಿಸುವುದಕ್ಕೆ ಎರಡೂವರೆ. ಸದ್ಯ ಹುಡುಕುತ್ತಿರುವುದು 1980ರ ದಶಕದ ಮಸ್ಟಾಂಗ್‌ನ ಟಿ-5 ಅನ್ನುವ ಐದು ಗೇರಿನ ಗೇರ್‌ಬಾಕ್ಸ್. ಸ್ಯಾಕ್ರಮೆಂಟೊ ಕಡೆ ಯಾರಿಗಾದರೂ ಕಣ್ಣಿಗೆ ಬಿದ್ದರೆ ತಿಳಿಸಿ. ವಿ8 ಜೊತೆ ಬಂದದ್ದೇ ಆಗಬೇಕು, ನಾಲ್ಕು ಸಿಲಿಂಡರಿನದು ಬೇಡ.