ವೈರಿನ ಟೇಬಲ್ ಸಾ, ಬ್ಯಾಟರಿ ಟೇಬಲ್ ಸಾ: ಎರಡನ್ನೂ ಕೊಂಡವನ ಲೆಕ್ಕ

ಟೇಬಲ್ ಸಾ ಅಂದರೆ ಮೇಜಿನ ನಡುವೆ ಬ್ಲೇಡ್ ತಿರುಗುವ ಗರಗಸ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವೈರಿನದಕ್ಕೆ. ಬ್ಯಾಟರಿಯದು ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದೆ. ಯಾರೂ ತಲೆಗೆ ಕಟ್ಟಿದ್ದಲ್ಲ, ನಾನೇ ಹಟ ಹಿಡಿದು ತಂದಿದ್ದು.

ಸುಂಟಿಕೊಪ್ಪದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ನಾನು ಆಚಾರಿ ಅಲ್ಲ. ವರ್ಷಕ್ಕೆ 30-40 ಜೇನು ಪೆಟ್ಟಿಗೆ ಮಾಡುತ್ತೇನೆ, ಅಷ್ಟೇ. ತೋಟದಲ್ಲಿ ಬಿದ್ದ ಸಿಲ್ವರ್ ಓಕನ್ನು ಮಿಲ್ಲಿಗೆ ಹಾಕಿ 1 ಇಂಚಿನ ಹಲಗೆ ಮಾಡಿಸುತ್ತೇನೆ. ಉಳಿದ ಸೀಳುವ ಕೆಲಸ ಮನೆಯಲ್ಲೇ. ತುಡುವೆ ಜೇನಿಗೆ ಫ್ರೇಮಿನ (ಎರಿ ಕಟ್ಟಲು ಪೆಟ್ಟಿಗೆಯೊಳಗೆ ಇಡುವ ಮರದ ಚೌಕಟ್ಟು) ಸುತ್ತ 8 ಮಿಲಿಮೀಟರ್ ಆಸುಪಾಸಿನ ಸಂದು ಬೇಕು. ಜಾಸ್ತಿ ಆದರೆ ಆ ಜಾಗದಲ್ಲಿ ಅಡ್ಡಾದಿಡ್ಡಿ ಎರಿ ಕಟ್ಟುತ್ತವೆ. ಆಮೇಲೆ ಫ್ರೇಮ್ ಎತ್ತಿದರೆ ಎರಿ ಹರಿಯುತ್ತದೆ, ಜೇನು ಸೋರುತ್ತದೆ, ಹುಳಕ್ಕೆ ಸಿಟ್ಟು, ನಮ್ಮ ಕೈಗೆ ಕುಟುಕು. ಅದಕ್ಕೇ ಕೈಗರಗಸ ಬಿಟ್ಟು ಟೇಬಲ್ ಸಾ ತಂದೆ.

ಮೊದಲು ಬಂದದ್ದು ವೈರಿನದು, 1800 ವ್ಯಾಟ್. ಜುಲೈಯಲ್ಲಿ ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ. ಮೆಷಿನ್ ಮುಂದೆ ಕೂತು ಮಳೆ ನೋಡಿದ್ದೇ ಕೆಲಸ. ಕರೆಂಟ್ ಇದ್ದ ದಿನವೂ ಅದು ನರಳುತ್ತಿತ್ತು. ಕೊಡಗಿನಲ್ಲಿ ಕರೆಂಟ್ ನಂಬಿ ಮೆಷಿನ್ ಇಡುವುದುಂಟಾ ಅಂತ ತೀರ್ಮಾನಿಸಿ, ಮುಂದಿನ ವರ್ಷ ಮಳೆಗೆ ಮೊದಲೇ ಬ್ಯಾಟರಿಯದು ತಂದೆ. ಬಾವ ಆಗಲೇ ಕೇಳಿದ್ದ, “ಅಲ್ಲ, ಬ್ಯಾಟರಿ ಚಾರ್ಜ್ ಆಗೋದು ಯಾತರಿಂದ?” ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಆ ಬ್ಯಾಟರಿ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಮೇಲೆ ದೊಡ್ಡದಾಗಿ 6 ಆಂಪಿಯರ್ ಅವರ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಲೆಕ್ಕ) ಅಂತ ಬರೆದಿತ್ತು. 54 ವೋಲ್ಟಿನ ಮೆಷಿನ್, 54ನ್ನು 6ರಿಂದ ಗುಣಿಸಿ ಖುಷಿಯಾಗಿದ್ದೆ. ಆದರೆ ಆ 6 ಎನ್ನುವುದು ಅದೇ ಬ್ಯಾಟರಿಯನ್ನು 18 ವೋಲ್ಟಿನ ಡ್ರಿಲ್ಲಿಗೆ ಹಾಕಿದಾಗಿನ ಲೆಕ್ಕ. 54 ವೋಲ್ಟಿಗೆ ಅದು 2 ಮಾತ್ರ. ಅಂದರೆ ಒಟ್ಟು 108 ವ್ಯಾಟ್ ಅವರ್, 108 ವ್ಯಾಟನ್ನು ಒಂದು ಗಂಟೆ ಕೊಡುವಷ್ಟು. ಹಲಗೆ ಸೀಳುವಾಗ ಗರಗಸ 1000 ವ್ಯಾಟ್ ಎಳೆಯಿತು ಅಂತಿಟ್ಟುಕೊಳ್ಳಿ, ಆರೂವರೆ ನಿಮಿಷಕ್ಕೆ ಮುಗಿಯಿತು! ಪ್ಲೈವುಡ್ ಕತ್ತರಿಸುವವರಿಗೆ ಪರವಾಗಿಲ್ಲ, ಒಂದೊಂದು ಕಟ್ಟಿಂಗಿಗೆ ಕೆಲವೇ ಸೆಕೆಂಡು ಸಾಕು. ನನ್ನದು ಮಳೆಗಾಲದ ಹಸಿ ಸಿಲ್ವರ್ ಓಕ್, ಉದ್ದುದ್ದ ಸೀಳಬೇಕು. ಹಸಿ ಮರ ಬ್ಲೇಡನ್ನು ಹಿಡಿದುಕೊಳ್ಳುತ್ತದೆ, ಮೋಟರಿಗೆ ಲೋಡು ಜಾಸ್ತಿ.

ಮೂರನೇ ಹಲಗೆಯ ಅರ್ಧಕ್ಕೆ ಮೆಷಿನ್ ಸುಮ್ಮನಾಯಿತು. ಬ್ಲೇಡ್ ಉಜ್ಜಿದ ಕಡೆ ಹಲಗೆ ಕಪ್ಪಗೆ ಸುಟ್ಟಿತ್ತು. ಬ್ಯಾಟರಿ ಮುಟ್ಟಿದರೆ ಆಗಷ್ಟೇ ಬಸಿದ ಕಾಫಿ ಲೋಟದಷ್ಟು ಬಿಸಿ. ಅಷ್ಟು ಬಿಸಿಯಿದ್ದರೆ ಚಾರ್ಜರ್ ಕೂಡ ತೆಗೆದುಕೊಳ್ಳುವುದಿಲ್ಲ, ತಣ್ಣಗಾಗುವ ತನಕ ಲೈಟ್ ಮಿನುಗಿಸಿಕೊಂಡು ಕೂತಿರುತ್ತದೆ. ಅದು ತಣ್ಣಗಾಗುವಷ್ಟರಲ್ಲಿ ಕರೆಂಟ್ ಹೋಯಿತು. ಬಾವ ಏನೂ ಅನ್ನಲಿಲ್ಲ, ಬೀಡಿ ಹಚ್ಚಿದ. ಮಾರನೇ ದಿನ ಜೀಪಿನಲ್ಲಿ ಚಾರ್ಜರ್ ಇಟ್ಟುಕೊಂಡು ಕುಶಾಲನಗರದ ನೆಂಟರ ಮನೆಗೆ ಹೋದೆ. ಆರು ನಿಮಿಷದ ಕೆಲಸಕ್ಕೆ ಅರ್ಧ ದಿನ. ಇನ್ನೆರಡು ಬ್ಯಾಟರಿಯ ರೇಟ್ ಕೇಳಿ ಫೋನ್ ಇಟ್ಟುಬಿಟ್ಟೆ.

ಆಮೇಲೆ ಹಳೇ ಮೆಷಿನ್ ಯಾಕೆ ನರಳುತ್ತಿತ್ತು ಅಂತ ನೋಡಿದೆ. ತಪ್ಪು ಅದರದ್ದಲ್ಲ, ನನ್ನ ಎಕ್ಸ್‌ಟೆನ್ಷನ್ನಿನದು. ಮನೆಯಿಂದ ಶೆಡ್ಡಿಗೆ 30 ಮೀಟರ್. ಮದುವೆ ಮನೆ ಸೀರಿಯಲ್ ಲೈಟಿಗೆ ತಂದಿದ್ದ 0.75 ಸ್ಕ್ವೇರ್ ಎಂಎಂನ ತೆಳು ವೈರನ್ನೇ ಎಳೆದಿದ್ದೆ. 1800 ವ್ಯಾಟ್ ಅಂದರೆ ಸುಮಾರು 8 ಆಂಪಿಯರ್. ಹೋಗಿ ಬರುವ ದಾರಿ ಸೇರಿ 60 ಮೀಟರ್ ತಂತಿ, 12 ವೋಲ್ಟ್ ಅದರಲ್ಲೇ ಸೋರಿಹೋಗುತ್ತಿತ್ತು. ಫೆಬ್ರವರಿ-ಮಾರ್ಚಲ್ಲಿ ಸುತ್ತಲಿನ ತೋಟದವರು ಕಾಫಿ ಹೂವಿಗೆ ನೀರು ಹೊಡೆಯಲು ಪಂಪ್ ಹಾಕಿದಾಗ ನಮ್ಮಲ್ಲಿ ವೋಲ್ಟೇಜ್ ಮೊದಲೇ ಬಿದ್ದಿರುತ್ತದೆ, ಅದರ ಮೇಲೆ ಇದು ಬೇರೆ. 2.5 ಸ್ಕ್ವೇರ್ ಎಂಎಂನ ದಪ್ಪ ವೈರ್, 16 ಆಂಪಿಯರ್ ಪ್ಲಗ್ ಹಾಕಿಸಿದೆ. ನಷ್ಟ 4 ವೋಲ್ಟಿನೊಳಗೆ ಬಂತು. ಅದೇ ಮೆಷಿನ್ ಈಗ ಬೇರೆಯೇ ದನಿಯಲ್ಲಿ ಹಾಡುತ್ತದೆ. ಒಂದು ಮಾತು, ವೈರನ್ನು ಸುರುಳಿಯಲ್ಲೇ ಬಿಟ್ಟು ಓಡಿಸಬೇಡಿ. ಪೂರ್ತಿ ಬಿಚ್ಚಿ, ಇಲ್ಲದಿದ್ದರೆ ಬಿಸಿಯಾಗಿ ಅಂಟಿಕೊಳ್ಳುತ್ತದೆ.

ಬ್ಯಾಟರಿಯದಕ್ಕೆ ಒಳ್ಳೆಯ ಗುಣ ಇಲ್ಲವೇ ಅಂದರೆ ಇದೆ. ಸ್ವಿಚ್ ಬಿಟ್ಟ ತಕ್ಷಣ ಬ್ಲೇಡ್ ನಿಲ್ಲುತ್ತದೆ. ನನ್ನ ವೈರಿನದು ತಿರುಗುತ್ತಲೇ ಇರುತ್ತದೆ, ಹೆದರಿಕೆಯೇ. ಕಾಲಿಗೆ ವೈರ್ ತೊಡರುವುದಿಲ್ಲ. ಸದ್ದು, ಹೊಟ್ಟು ಎರಡರದ್ದೂ ಒಂದೇ. ದಿನಕ್ಕೊಂದು ಮನೆಯಲ್ಲಿ ಬಾಗಿಲು, ಕಪಾಟು ಕೂರಿಸುವ ಕೆಲಸ ನಿಮ್ಮದಾದರೆ, ಅದೇ ಕಂಪನಿಯ ಬ್ಯಾಟರಿ ಮೊದಲೇ ನಾಲ್ಕೈದು ಇದ್ದರೆ, ನನ್ನ ಮಾತು ಬಿಟ್ಟು ಅದನ್ನೇ ಕೊಳ್ಳಿ.

ಮಳೆಗಾಲಕ್ಕೆ ಏನು ಮಾಡುತ್ತೀರಿ ಅಂತ ಕೇಳಬಹುದು. ಸೀಳುವ ಕೆಲಸವನ್ನೆಲ್ಲ ಏಪ್ರಿಲ್-ಮೇನಲ್ಲಿ ಮುಗಿಸುತ್ತೇನೆ. ಮರವೂ ಒಣಗಿರುತ್ತದೆ, ಕರೆಂಟೂ ಇರುತ್ತದೆ. ಜೂನ್ ನಂತರ ಜಗಲಿಯಲ್ಲಿ ಕೂತು ಜೋಡಿಸಿ ಮೊಳೆ ಹೊಡೆಯುವುದಷ್ಟೇ, ಅದಕ್ಕೆ ಸುತ್ತಿಗೆ ಸಾಕು. ತೋಟದ ಆ ತುದಿಯ ಲೈನ್ ಮನೆಗೆ (ಆಳುಗಳ ಸಾಲು ಮನೆ) ರೀಪರ್, ಅಂದರೆ ಹೆಂಚಿನ ಕೆಳಗಿನ ಪಟ್ಟಿ, ಬದಲಿಸಬೇಕು ಅಂತ ಬ್ಯಾಟರಿಯದನ್ನು ಈ ವಾರ ಬಾವನೇ ಕೇಳಿದ್ದಾನೆ. ಚಾರ್ಜರ್ ಬೇಕಾ ಅಂದೆ. ಬೇಡ, ಎರಡು ಕಟ್ಟಿಂಗ್ ಮಾತ್ರ ಅಂದ.